ಮರವಿಲ್ಲದ ದ್ವೀಪದಲ್ಲೊಂದು ಕಾಡು

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಉಲ್ಲಾಪೂಲ್ ಬಂದರಿನಿಂದ ಲೂಯಿಸ್ ದ್ವೀಪಕ್ಕೆ ಹಡಗಿನಲ್ಲಿ ಎರಡೂವರೆ ಗಂಟೆಯ ಮೇಲೆ ಹಿಡಿಯುತ್ತದೆ. ಕಾರು, ಲಾರಿ, ಕುರಿ ತುಂಬಿದ ಗಾಡಿ, ನಾಯಿ, ಮಕ್ಕಳು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಆ ಹಡಗು ಮಿಂಚ್ ಎಂಬ ಕಡಲನ್ನು ದಾಟುತ್ತದೆ. ಗ್ಲಾಸ್ಗೊದಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಜೊತೆಗಿದ್ದ. ನಾನು ಹೊರಟಿದ್ದು ಕರ್ನಲ್ ಕಾಲಿನ್ ಮೆಕೆಂಜಿಯ ಹುಟ್ಟೂರನ್ನು ನೋಡಲು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನೆಲ್ಲ ಅಳೆಸಿದವನು, ಊರೂರಿನ ಕೈಫಿಯತ್ತು ಬರೆಸಿದವನು, ಶಾಸನಗಳ ಪ್ರತಿ ಮಾಡಿಸಿದವನು. ಕಲಬುರ್ಗಿಯವರು ಸಂಪಾದಿಸಿದ ಕೈಫಿಯತ್ತುಗಳ ಸಂಪುಟವನ್ನು ತಿರುವಿಹಾಕಿದವರಿಗೆ ಈ ಮನುಷ್ಯನ ಬಗ್ಗೆ ಕುತೂಹಲ ಹುಟ್ಟದೇ ಇರದು. ಥಾಮಸ್ ಹಿಕಿ ಬರೆದ ಅವನ ಚಿತ್ರದಲ್ಲಿ ಬೆನ್ನ ಹಿಂದೆ ದೂರದಲ್ಲಿ ನಮ್ಮ ಕಾರ್ಕಳದ ಗೊಮ್ಮಟ ನಿಂತಿದ್ದಾನೆ. ಅಂಥವನು 1754ರಲ್ಲಿ ಹುಟ್ಟಿದ್ದು ಇಂಥ ತುತ್ತತುದಿಯ ಸ್ಟಾರ್ನೊವೇ ಎಂಬ ಊರಿನಲ್ಲಿ.

ಆದರೆ ಹಡಗು ಬಂದರಿನೊಳಗೆ ತಿರುಗುತ್ತಿದ್ದಂತೆ ಮೆಕೆಂಜಿ ತಲೆಯಿಂದ ಜಾರಿಹೋದ. ಕಾರಣ ಮರಗಳು.

ಲೂಯಿಸ್ ಮರವಿಲ್ಲದ ನಾಡು. ಅಟ್ಲಾಂಟಿಕ್ ಸಾಗರದ ಗಾಳಿ ಅಲ್ಲಿ ಒಂದು ಗಿಡವನ್ನೂ ತಲೆಯೆತ್ತಲು ಬಿಡುವುದಿಲ್ಲ. ಹಡಗಿನ ಕಟಕಟೆಗೆ ಒರಗಿ ಕಣ್ಣು ಹಾಯಿಸಿದರೆ ಕಂದು ಬಣ್ಣದ ಜೌಗು ನೆಲ, ಅದರ ಮೇಲೆ ತಗ್ಗು ಗುಡ್ಡ, ಗುಡ್ಡದ ಮೇಲೆ ಮೋಡ, ಅಷ್ಟೆ. ಹಾಗಿರುವಾಗ ಬಂದರಿನ ಎಡಕ್ಕೆ ಇದ್ದಕ್ಕಿದ್ದಂತೆ ದಟ್ಟ ಹಸಿರಿನ ಕಾಡು ಎದ್ದು ನಿಂತಿತ್ತು. ಬೀಚ್, ಓಕ್, ಪೈನ್ ಮರಗಳ ನಿಜವಾದ ಕಾಡು. ಅದರ ನಡುವೆ ಗೋಪುರ, ತೆನೆಗೋಡೆ ಎಲ್ಲ ಇರುವ ಒಂದು ಕೋಟೆಯರಮನೆ, ನೀರಿನಾಚೆಗಿನ ಊರನ್ನು ನೋಡುತ್ತಾ ಕೂತಿತ್ತು. ಕಾಡು ಎಂದರೆ ತಾನಾಗಿ ಬೆಳೆಯುವುದು ಎಂದು ನಂಬಿಕೊಂಡು ಬೆಳೆದ ಮಲೆನಾಡಿನವನು ನಾನು. ಇಲ್ಲಿ ಕಾಡನ್ನೇ ಕೊಂಡು ತಂದಂತಿತ್ತು.

‘ಮಾವ, ಅದೇ ಲೂಸ್ ಕ್ಯಾಸಲ್. ಅಫೀಮಿನ ದುಡ್ಡಲ್ಲಿ ಕಟ್ಟಿದ್ದು’ ಅಂದ ಹುಡುಗ.

‘ಯಾವ ಅಫೀಮೋ?’

‘ನಮ್ಮದೇ. ಇಂಡಿಯಾದ್ದು.’

ಊರಲ್ಲಿ ಗಂಟುಮೂಟೆ ಇಳಿಸಿ ಮೊದಲು ಹೋದದ್ದು ಆ ಕಾಡಿಗೇ. ಹೊಳೆಗೆ ಹಾಕಿದ ಸಣ್ಣ ಸೇತುವೆ ದಾಟಿದರೆ ಗಾಳಿಯ ಸದ್ದು ಕತ್ತರಿಸಿದಂತೆ ನಿಂತುಹೋಗುತ್ತದೆ. ಕಾಲಡಿಗೆ ತರಗೆಲೆ, ಮೇಲೆ ಹಕ್ಕಿಗಳ ಗಲಾಟೆ. ಇಲ್ಲಿನ ಜೌಗಿನಲ್ಲಿ ಮರ ಬೇರು ಬಿಡುವುದಿಲ್ಲವೆಂದು ಹೊರಗಿನಿಂದ ಮಣ್ಣನ್ನೇ ತರಿಸಿ ಹಾಕಿಸಿದರಂತೆ. ಹೂವಿನ ಚಂದಕ್ಕೆಂದು ಆಗ ನೆಟ್ಟ ರೋಡೊಡೆಂಡ್ರಾನ್ ಪೊದೆಗಳು ಈಗ ಇಡೀ ತೋಟವನ್ನೇ ನುಂಗುವಷ್ಟು ಹಬ್ಬಿ, ಅವನ್ನು ಕಡಿದು ಕಡಿದು ಜನ ಸುಸ್ತಾಗಿದ್ದಾರೆ. ಇದನ್ನೆಲ್ಲ ಮಾಡಿಸಿದವನ ಹೆಸರು ಜೇಮ್ಸ್ ಮ್ಯಾಥೆಸನ್. ವ್ಯಾಪಾರಿ; ಆಮೇಲೆ ಲಿಬರಲ್ ಪಕ್ಷದ ಪಾರ್ಲಿಮೆಂಟ್ ಸದಸ್ಯ; 1851ರಿಂದ ಬ್ಯಾರೊನೆಟ್ ಪದವಿಯೊಂದಿಗೆ ಸರ್ ಜೇಮ್ಸ್.

1796ರಲ್ಲಿ ಸ್ಕಾಟ್ಲೆಂಡಿನ ಉತ್ತರದ ಲಾರ್ಗ್ ಎಂಬ ಊರಿನ ಹತ್ತಿರ ಹುಟ್ಟಿದವನು. ಎಡಿನ್‌ಬರೋದಲ್ಲಿ ಓದಿ, ಹತ್ತೊಂಬತ್ತರ ಆಸುಪಾಸಿನಲ್ಲಿ ಕಲ್ಕತ್ತಕ್ಕೆ ಚಿಕ್ಕಪ್ಪನ ವ್ಯಾಪಾರದ ಕೋಠಿಗೆ ಬಂದ. ಅಲ್ಲಿ ನಡೆದದ್ದನ್ನು ಕಥೆಯ ಹಾಗೆ ಹೇಳುತ್ತಾರೆ: ಚೀನಾಕ್ಕೆ ಹೊರಟ ಹಡಗಿನ ಕಪ್ತಾನನಿಗೆ ತಲುಪಿಸೆಂದು ಚಿಕ್ಕಪ್ಪ ಒಂದು ಕಾಗದ ಕೊಟ್ಟಿದ್ದರಂತೆ, ಇವನು ಅದನ್ನು ಮರೆತ. ಹಡಗು ಹೊರಟೇ ಹೋಯಿತು. ಚಿಕ್ಕಪ್ಪ ಕೆಂಡವಾದರು. ಊರಿಗೆ ವಾಪಸು ಹೋಗುತ್ತೇನೆಂದು ಮುನಿಸಿಕೊಂಡು ಹೊರಟವನಿಗೆ ಒಬ್ಬ ಕಪ್ತಾನ, ಊರಿಗೇಕೆ, ಕ್ಯಾಂಟನ್ನಿಗೆ ಹೋಗಿ ನೋಡಬಾರದೇ ಅಂದನಂತೆ. ನಿಜವೋ ಸುಳ್ಳೋ, 1818ರ ಹೊತ್ತಿಗೆ ಮ್ಯಾಥೆಸನ್ ಚೀನಾದ ಕಡಲಲ್ಲಿದ್ದ. ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯ ಇದ್ದ ಕಾಲ, ಖಾಸಗಿ ಇಂಗ್ಲಿಷ್ ವ್ಯಾಪಾರಿ ಕ್ಯಾಂಟನ್ನಿನಲ್ಲಿ ಹಾಗೆಲ್ಲ ಕೂರುವಂತಿರಲಿಲ್ಲ. ಅದಕ್ಕೆ ಈ ಸ್ಕಾಟ್ಲೆಂಡಿನವನು ಡೆನ್ಮಾರ್ಕಿನ ಕಾನ್ಸಲ್ ಆದ! ಡೆನ್ಮಾರ್ಕಿನ ಬಾವುಟ ಹಾರಿಸಿ ಅದರ ನೆರಳಲ್ಲಿ ಅಂಗಡಿ ಇಟ್ಟ. ಓದುತ್ತಾ ನನಗೆ ನಗು ತಡೆಯಲಾಗಲಿಲ್ಲ.

1832ರಲ್ಲಿ ವಿಲಿಯಂ ಜಾರ್ಡೀನ್ ಜೊತೆ ಸೇರಿ ‘ಜಾರ್ಡೀನ್ ಮ್ಯಾಥೆಸನ್’ ಕಂಪನಿ ಶುರುವಾಯಿತು. ಇವರ ಸರಕಿನ ದಾರಿ ಮಜವಾಗಿದೆ. ಬಿಹಾರದ ಹೊಲಗಳಲ್ಲಿ ಗಸಗಸೆಯ ಕಾಯಿ ಗೀರಿ ಹಾಲು ತೆಗೆಯುವವರು ನಮ್ಮ ರೈತರು. ಪಟ್ನಾದ ಕಾರ್ಖಾನೆಯಲ್ಲಿ ಅದನ್ನು ಉಂಡೆ ಕಟ್ಟಿ, ಗಸಗಸೆಯ ಹೂವಿನ ಎಸಳುಗಳಿಂದಲೇ ಸುತ್ತಿ, ಪೆಟ್ಟಿಗೆಗೆ 40 ಉಂಡೆಯಂತೆ ತುಂಬುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಸರಕಾರ ಅದನ್ನು ಕಲ್ಕತ್ತದಲ್ಲಿ ಹರಾಜು ಹಾಕುತ್ತಿತ್ತು. ಅಲ್ಲಿಗೆ ಕಂಪನಿಯ ಕೈ ಶುದ್ಧ. ಚೀನಾದಲ್ಲಿ ಅಫೀಮು ನಿಷಿದ್ಧ, ಹಾಗಾಗಿ ಹರಾಜಿನಲ್ಲಿ ಕೂಗಿ ಕೊಂಡ ಖಾಸಗಿಯವರು ಅದನ್ನು ಲಿಂಟಿನ್ ದ್ವೀಪದ ಬಳಿ ಲಂಗರು ಹಾಕಿದ ಹಳೆಯ ಹಡಗುಗಳಲ್ಲಿ ಇಳಿಸುತ್ತಿದ್ದರು. ಅಲ್ಲಿಂದ ಕಳ್ಳಸಾಗಣೆಯ ದೋಣಿಗಳು ಬೆಳ್ಳಿ ಕೊಟ್ಟು ಸರಕು ಒಯ್ಯುತ್ತಿದ್ದವು. ಆ ಬೆಳ್ಳಿಯನ್ನು ಕಂಪನಿಯ ಕ್ಯಾಂಟನ್ ಖಜಾನೆಗೆ ಕಟ್ಟಿದರೆ ಲಂಡನ್ನಿನಲ್ಲಿ ಹಣ ಸಿಗುವ ಹುಂಡಿ ಕೈಗೆ ಬರುತ್ತಿತ್ತು. ಕಂಪನಿ ಅದೇ ಬೆಳ್ಳಿಯಲ್ಲಿ ಚಹಾ ಕೊಳ್ಳುತ್ತಿತ್ತು. ಬ್ರಿಟನ್ನಿನ ಬೆಳಗಿನ ಚಹಾ ಹೀಗೆ ಸುತ್ತಿ ಬಳಸಿ ಬರುತ್ತಿತ್ತು.

ಮಾಳ್ವದ ಅಫೀಮು ಬೊಂಬಾಯಿಂದ ಹೋಗುತ್ತಿತ್ತು. ಅಲ್ಲಿ ಇವರ ಆಪ್ತ ಪಾಲುಗಾರ ಪಾರ್ಸಿ ವ್ಯಾಪಾರಿ ಜಮ್ಸೆಟ್ಜಿ ಜೀಜೀಭಾಯ್. ಮುಂಬಯಿಯ ಜೆಜೆ ಆಸ್ಪತ್ರೆಯ ಜೆಜೆ ಅವರೇ! 1805ರಲ್ಲಿ ‘ಬ್ರನ್ಸ್‌ವಿಕ್’ ಎಂಬ ಹಡಗನ್ನು ಫ್ರೆಂಚರು ಹಿಡಿದಾಗ ಅದರಲ್ಲಿ ಒಬ್ಬ ಪಾರ್ಸಿ ತರುಣನೂ ಒಬ್ಬ ಹಡಗಿನ ವೈದ್ಯನೂ ಇದ್ದರು. ತರುಣ ಜೀಜೀಭಾಯ್, ವೈದ್ಯ ಜಾರ್ಡೀನ್. ಸೆರೆಯಲ್ಲಿ ಕುದುರಿದ ಸ್ನೇಹ ಮುಂದೆ ಸಾವಿರಾರು ಪೆಟ್ಟಿಗೆಗಳ ವಹಿವಾಟಾಯಿತು. ಮ್ಯಾಥೆಸನ್ ಬ್ಯಾರೊನೆಟ್ ಆದ ಆರು ವರ್ಷಕ್ಕೆ, 1857ರಲ್ಲಿ, ಜೀಜೀಭಾಯ್ ಭಾರತದ ಮೊದಲ ಬ್ಯಾರೊನೆಟ್ ಆದರು. ಇಲ್ಲಿ ಸ್ಟಾರ್ನೊವೇಯಲ್ಲಿ ಕಾಡು, ಅಲ್ಲಿ ಭಾಯಖಳದಲ್ಲಿ ಆಸ್ಪತ್ರೆ. ಆ ಆಸ್ಪತ್ರೆಯ ವರಾಂಡದಲ್ಲಿ ನಮ್ಮ ಕರಾವಳಿಯ ಎಷ್ಟು ಮಂದಿ ಔಷಧಿಗೆ ಕಾದಿದ್ದಾರೋ.

1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಶೂ ಇಪ್ಪತ್ತು ಸಾವಿರ ಪೆಟ್ಟಿಗೆಗೂ ಹೆಚ್ಚು ಅಫೀಮನ್ನು ವಶಪಡಿಸಿಕೊಂಡು ಸುಣ್ಣದ ನೀರಿನಲ್ಲಿ ಕದಡಿ ಕಡಲಿಗೆ ಬಿಡಿಸಿದ. ಅದರ ಹಿಂದೆಯೇ ಯುದ್ಧ ಬಂತು, ಹಾಂಗ್‌ಕಾಂಗ್ ಬ್ರಿಟಿಷರ ಪಾಲಾಯಿತು. 1842ರಲ್ಲಿ ಮ್ಯಾಥೆಸನ್ ಕೈತುಂಬ ಹಣದೊಂದಿಗೆ ಊರಿಗೆ ಮರಳಿದ. ಮರುವರ್ಷ ಜಾರ್ಡೀನ್ ತೀರಿಕೊಂಡಾಗ ಅವನದೇ ಆಶ್‌ಬರ್ಟನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಹೋದ. 1847ರಿಂದ 1868ರವರೆಗೆ ರಾಸ್ ಮತ್ತು ಕ್ರೊಮಾರ್ಟಿಯ ಸದಸ್ಯ. ನಡುವೆ ಹಲವು ವರ್ಷ ಪಿ ಅಂಡ್ ಓ ಹಡಗು ಕಂಪನಿಯ ಅಧ್ಯಕ್ಷ.

ವ್ಯಾಪಾರ ಬಿಟ್ಟು ರಾಜಕೀಯಕ್ಕೆ ಇಳಿದ ಎಂದು ಇವನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹೇಳುತ್ತಾರೆ. ನನಗೇಕೋ ಅವನು ಏನನ್ನೂ ಬಿಟ್ಟಂತೆ ಕಾಣಲಿಲ್ಲ. 1836ರಲ್ಲೇ ಚೀನಾ ವ್ಯಾಪಾರದ ಬಗ್ಗೆ ಪುಸ್ತಕ ಬರೆದು, ವ್ಯಾಪಾರಕ್ಕೆ ಅಡ್ಡಗೋಡೆ ಹಾಕುವುದು ಅನ್ಯಾಯವೆಂದು ವಾದಿಸಿದ್ದ. ಕಂಪನಿಯ ಏಕಸ್ವಾಮ್ಯವನ್ನು ವಿರೋಧಿಸಿದ್ದೂ ಆ ಮಾತಿನಿಂದಲೇ, ಚೀನಾದ ಬಾಗಿಲು ಒಡೆಯಿರೆಂದು ಒತ್ತಾಯಿಸಿದ್ದೂ ಆ ಮಾತಿನಿಂದಲೇ. ಮುಕ್ತ ವ್ಯಾಪಾರ ಅಂದಿನ ಲಿಬರಲ್ ರಾಜಕೀಯದ ಮೂಲಮಂತ್ರ. ಕ್ಯಾಂಟನ್ನಿನ ಕೋಠಿಯಲ್ಲಿ ಹೇಳುತ್ತಿದ್ದುದನ್ನೇ ವೆಸ್ಟ್‌ಮಿನ್‌ಸ್ಟರಿನಲ್ಲಿ ಹೇಳಿದ, ಅಷ್ಟೆ. ಡಿಸ್ರೇಲಿ ತನ್ನ ‘ಸಿಬಿಲ್’ ಕಾದಂಬರಿಯಲ್ಲಿ ಇಂಥ ಕ್ಯಾಂಟನ್ ಸಾಹುಕಾರನೊಬ್ಬನನ್ನು ಮೆಕ್‌ಡ್ರಗ್ಗಿ ಎಂಬ ಹೆಸರಿಟ್ಟು ಗೇಲಿ ಮಾಡಿದ್ದಾನೆ. ಆ ಪಾತ್ರ ಜಾರ್ಡೀನನದೋ ಇವನದೋ ಎಂಬ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ.

1844ರಲ್ಲಿ ಅವನು ಕೊಂಡದ್ದು ತೋಟವನ್ನಲ್ಲ, ಹಳ್ಳಿಯನ್ನಲ್ಲ, ಇಡೀ ಲೂಯಿಸ್. ಮೆಕೆಂಜಿಯ ಕಾಲಕ್ಕೂ ಮೊದಲಿನಿಂದ ಒಡೆಯರಾಗಿದ್ದ ಸೀಫೋರ್ತ್ ಮನೆತನದವರು 1,90,000 ಪೌಂಡಿಗೆ ಮಾರಿದರು. ಸುಮಾರು ಹದಿನೇಳು ಸಾವಿರ ಜನ ಮಲಗಿ ಏಳುವಷ್ಟರಲ್ಲಿ ಬೇರೊಬ್ಬನ ಒಕ್ಕಲಾದರು. ಗ್ಲಾಸ್ಗೊದ ಚಾರ್ಲ್ಸ್ ವಿಲ್ಸನ್ ಕೈಯಲ್ಲಿ ಕೋಟೆಯ ನಕ್ಷೆ ಬರೆಸಿ ಕಟ್ಟಡ ಎಬ್ಬಿಸಿದ ಆಸುಪಾಸಿನಲ್ಲೇ, 1846ರಲ್ಲಿ, ಆಲೂಗಡ್ಡೆಗೆ ರೋಗ ಬಿತ್ತು. ಅಲ್ಲಿನ ಬಡವರಿಗೆ ಆಲೂಗಡ್ಡೆ ಬಿಟ್ಟರೆ ಬೇರೆ ಅನ್ನವಿರಲಿಲ್ಲ. ಮ್ಯಾಥೆಸನ್ ಹಡಗಿನಲ್ಲಿ ಹಿಟ್ಟು ತರಿಸಿ ಹಂಚಿದ, ಬೀಜ ಕೊಟ್ಟ, ರಸ್ತೆ ಕೆಲಸ ಹಚ್ಚಿ ಕೂಲಿ ಕೊಟ್ಟ. ಬ್ಯಾರೊನೆಟ್ ಪದವಿ ಬಂದದ್ದೇ ಈ ಕ್ಷಾಮ ಪರಿಹಾರಕ್ಕೆ. ಬೇರೆ ಜಮೀನ್ದಾರರ ನಡುವೆ ಇವನು ದಾನಿಯೆಂದೇ ಹೆಸರಾದ.

ಕೋಟೆಯೊಳಗೆ ಈಗ ದ್ವೀಪದ ಮ್ಯೂಸಿಯಂ ಇದೆ. ವಾಲ್ರಸ್ ದಂತದಲ್ಲಿ ಕೆತ್ತಿದ ಲೂಯಿಸ್ ಚದುರಂಗದ ಕಾಯಿಗಳಲ್ಲಿ ಆರು ಇಲ್ಲಿವೆ. ಕೆನ್ನೆಗೆ ಕೈ ಕೊಟ್ಟು ಕೂತ ರಾಣಿಯ ಮುಖದಲ್ಲಿನ ಬೇಸರ ಎಂಟುನೂರು ವರ್ಷವಾದರೂ ಮಾಸಿಲ್ಲ. ಉಳಿದ ಕಾಯಿಗಳಲ್ಲಿ ಬಹುಪಾಲು ಲಂಡನ್ನಿನಲ್ಲಿವೆ, ಆ ಜಗಳ ಬೇರೆಯೇ ಇದೆ.

ಮರುದಿನ ಕಾರು ಪಶ್ಚಿಮಕ್ಕೆ ಹೊರಟಿತು. ದಾರಿಯುದ್ದಕ್ಕೂ ಪೀಟ್ ನೆಲ. ಸತ್ತ ಪಾಚಿ, ಹುಲ್ಲು ಸಾವಿರಾರು ವರ್ಷ ನೀರಿನಲ್ಲಿ ಕೊಳೆಯಲಾರದೆ ಒತ್ತಿಕೊಂಡು ಕಪ್ಪಾದ ಪದರವದು. ಉದ್ದ ಗುದ್ದಲಿಯಲ್ಲಿ ಇಟ್ಟಿಗೆಯಾಕಾರಕ್ಕೆ ಕೊಯ್ದು ಬಿಸಿಲು ಗಾಳಿಗೆ ಒಣಗಿಸಿದರೆ ವರ್ಷವಿಡೀ ಒಲೆಗೆ ಸೌದೆ. ಈ ಕಪ್ಪು ಮಣ್ಣಿನಿಂದಲೂ ಹಣ ತೆಗೆಯಬಹುದೆಂದು ಮ್ಯಾಥೆಸನ್ ಒಂದು ರಾಸಾಯನಿಕ ಕಾರ್ಖಾನೆಯನ್ನೇ ಹಾಕಿಸಿದ್ದ. ಪೀಟನ್ನು ಬಟ್ಟಿಯಿಳಿಸಿ ಡಾಂಬರು, ಎಣ್ಣೆ, ಮೇಣದ ಬತ್ತಿಗೆ ಬೇಕಾದ ಪ್ಯಾರಾಫಿನ್! ಕೆಲವು ವರ್ಷ ನಡೆದು 1870ರ ದಶಕದಲ್ಲಿ ಮುಚ್ಚಿತು. ಅವನ ತಲೆ ಸುಮ್ಮನೆ ಕೂರುವಂಥದ್ದಾಗಿರಲಿಲ್ಲ.

ಕ್ಯಾಲನಿಶ್ ಬಂದಾಗ ಸಣ್ಣ ಮಳೆ. ದಿಬ್ಬದ ಮೇಲೆ ಕಲ್ಲುಗಳು ನಿಂತಿದ್ದವು. ನಡುವಿನದು ಹದಿನೈದಡಿಗೂ ಎತ್ತರ. ಸುಮಾರು ಐದು ಸಾವಿರ ವರ್ಷದ ಹಿಂದೆ ನಿಲ್ಲಿಸಿದವು, ಸ್ಟೋನ್‌ಹೆಂಜಿನ ದೊಡ್ಡ ಕಲ್ಲುಗಳಿಗಿಂತ ಹಳೆಯವು. ಹತ್ತಿರ ಹೋಗಿ ಮುಟ್ಟಿದೆ. ನೈಸ್ ಎಂಬ ಬಂಡೆ ಇದು, ಭೂಮಿಯ ಅತಿ ಹಳೆಯ ಬಂಡೆಗಳ ಪೈಕಿ. ಬೂದು ಮೈಯಲ್ಲಿ ಬಿಳಿ ಗೆರೆಗಳು ಸುಳಿ ಸುತ್ತಿ ಹರಿದಿದ್ದವು, ಮಳೆಗೆ ನೆನೆದ ಕಡೆ ಗಸಗಸೆಯಷ್ಟು ಸಣ್ಣ ಕಾಗೆಬಂಗಾರದ ಚೂರುಗಳು ಮಿಣುಕುತ್ತಿದ್ದವು. ಮೈಯೆಲ್ಲ ರೋಮಾಂಚನ. ಆಗ ಹುಡುಗ ಫಲಕ ಓದಿ ಹೇಳಿದ: ಇವುಗಳ ಬುಡ ಐದಡಿ ಪೀಟಿನಲ್ಲಿ ಹೂತುಹೋಗಿತ್ತಂತೆ, 1857ರಲ್ಲಿ ಅಗೆದು ತೆಗೆಸಿದವನು ಸರ್ ಜೇಮ್ಸ್ ಮ್ಯಾಥೆಸನ್.

ಇಲ್ಲೂ ಇವನೇ! ನಾನು ಬೆರಗಾಗಿ ನೋಡಿದ್ದೆಲ್ಲದರ ಬುಡದಲ್ಲಿ ಈ ಮನುಷ್ಯನ ಕೈ. ಆ ಕೈಗೆ ಬಲ ಬಂದದ್ದು ಪಟ್ನಾದ ಉಂಡೆಯಿಂದ. ಬಿಹಾರದ ಯಾವ ರೈತನಿಗೂ ತನ್ನ ಗಸಗಸೆಯ ಹಾಲು ಅಟ್ಲಾಂಟಿಕ್ ದಂಡೆಯಲ್ಲಿ ಐದು ಸಾವಿರ ವರ್ಷದ ಕಲ್ಲುಗಳ ಕಾಲು ತೊಳೆಯುತ್ತದೆಂದು ಕನಸೂ ಬಿದ್ದಿರಲಾರದು.

ಆರ್ನೊಲ್ ಎಂಬ ಹಳ್ಳಿಯಲ್ಲಿ ಒಂದು ಹಳೆಯ ‘ಬ್ಲ್ಯಾಕ್‌ಹೌಸ್’ ಕಾಪಾಡಿಟ್ಟಿದ್ದಾರೆ. ಒಕ್ಕಲುಗಳು ಇದ್ದದ್ದು ಇಂಥ ಮನೆಗಳಲ್ಲಿ. ಈ ಮನೆಯಲ್ಲಿ 1960ರ ದಶಕದವರೆಗೂ ಸಂಸಾರ ನಡೆದಿತ್ತು. ಗಾರೆಯಿಲ್ಲದ ಎರಡು ಸುತ್ತು ಕಲ್ಲುಗೋಡೆ, ನಡುವೆ ಮಣ್ಣು. ಹುಲ್ಲಿನ ಮಾಡು ಹಾರಿಹೋಗದಂತೆ ಹಗ್ಗ ಬಿಗಿದು ತುದಿಗೆ ಕಲ್ಲು ಕಟ್ಟಿದ್ದಾರೆ. ಬಗ್ಗಿ ಒಳಗೆ ಹೋದರೆ ಕತ್ತಲೆ. ಮನೆಯ ನಡುಮಧ್ಯೆ ನೆಲದ ಮೇಲೆ ಪೀಟಿನ ಬೆಂಕಿ. ಜ್ವಾಲೆಯಿಲ್ಲ, ಕೆಂಪಗೆ ಉಸಿರಾಡುವ ಕೆಂಡ. ಮೇಲಿಂದ ಸರಪಳಿಗೆ ತೂಗುಬಿಟ್ಟ ಕಬ್ಬಿಣದ ಕೆಟಲು. ಹೊಗೆಗಂಡಿ ಇಲ್ಲ. ಹೊಗೆ ಮೆಲ್ಲಗೆ ಮೇಲೇರಿ ಹುಲ್ಲಿನಲ್ಲಿ ಇಂಗುತ್ತದೆ. ಹೀಗೆ ಮಸಿ ಕುಡಿದ ಹುಲ್ಲನ್ನು ಇಳಿಸಿ ಹೊಲಕ್ಕೆ ಗೊಬ್ಬರ ಹಾಕುತ್ತಿದ್ದರು. ಅದೇ ಮಾಡಿನ ಕೆಳಗೆ ಆಚೆ ತುದಿಯಲ್ಲಿ ದನದ ಜಾಗ. ಒಂದೇ ಸೂರಿನಡಿ ಕೊಟ್ಟಿಗೆ, ಮಸಿ ಹಿಡಿದ ತೊಲೆ, ಕಣ್ಣುರಿ: ನನ್ನಜ್ಜಿಯ ಮನೆಯ ಬಚ್ಚಲೊಲೆಯ ಮುಂದೆ ಕೂತ ಹಾಗಾಯಿತು.

ಈ ಮನೆಗಳ ಕಡೆಯಿಂದ ಕೋಟೆಯನ್ನು ನೋಡಿದರೆ ಲೆಕ್ಕ ಬೇರೆಯೇ ಆಗುತ್ತದೆ. ಕ್ಷಾಮದ ನಂತರ ಬಾಡಿಗೆ ಕಟ್ಟಲಾರದವರು ಬಹಳವಾದರು. 1851ರಲ್ಲಿ ಮ್ಯಾಥೆಸನ್ನನ ಪಾರುಪತ್ತೇಗಾರ ಜಾನ್ ಮನ್ರೊ ಮೆಕೆಂಜಿ ಹಳ್ಳಿ ಹಳ್ಳಿ ತಿರುಗಿ, ಕೆನಡಾಕ್ಕೆ ಯಾರನ್ನು ಕಳಿಸಬೇಕೆಂದು ಪಟ್ಟಿ ಮಾಡಿದ. ಅವನ ಆ ವರ್ಷದ ದಿನಚರಿ ಅಚ್ಚಾಗಿದೆ. 1851ರಿಂದ 1855ರೊಳಗೆ 1,771 ಮಂದಿ ಹೊರಟರು. ಹಡಗಿನ ಖರ್ಚು ಮ್ಯಾಥೆಸನ್ನನದು, ಹಳೆಯ ಬಾಕಿಯೂ ಮನ್ನಾ. ಒಲ್ಲೆನೆಂದವರೂ ಇದ್ದರು. ಬಾಕಿ ಬಿದ್ದವನ ‘ಒಲ್ಲೆ’ಗೆ ಎಷ್ಟು ಬೆಲೆ? ಹಿಟ್ಟು ಕೊಟ್ಟ ಕೈಯೇ ಟಿಕೆಟ್ಟನ್ನೂ ಕೊಟ್ಟಿತು. ಅವನಿಗೆ ಇದರಲ್ಲಿ ಕ್ರೌರ್ಯ ಕಂಡಿರಲಿಕ್ಕಿಲ್ಲ. ಸರಕು ಹೆಚ್ಚಿರುವಲ್ಲಿಂದ ಬೇಕಿರುವಲ್ಲಿಗೆ ಹೋಗಲೆಂಬುದು ವ್ಯಾಪಾರಿಯ ವಿವೇಕ, ಅಷ್ಟೇ ಲೆಕ್ಕ.

ನನಗೆ ನಿಜವಾಗಿ ತಲೆ ಗಿರ್ರೆಂದದ್ದು ಇನ್ನೊಂದಕ್ಕೆ. ಲೂಯಿಸ್ ಇದ್ದದ್ದೇ ರಾಸ್ ಮತ್ತು ಕ್ರೊಮಾರ್ಟಿ ಕ್ಷೇತ್ರದಲ್ಲಿ. ಇಪ್ಪತ್ತೊಂದು ವರ್ಷ ಅವನು ಪಾರ್ಲಿಮೆಂಟಿನಲ್ಲಿ ತನ್ನ ಒಕ್ಕಲುಗಳದೇ ಪ್ರತಿನಿಧಿ. ಆ ಒಕ್ಕಲುಗಳಿಗೋ ಓಟೇ ಇರಲಿಲ್ಲ! ಸರಕಿಗೆ ಎಲ್ಲ ಬಾಗಿಲೂ ತೆರೆದಿರಬೇಕೆಂದು ಹೋರಾಡಿದ ಲಿಬರಲ್, ತನ್ನ ದ್ವೀಪದಲ್ಲಿ ಯಾರನ್ನು ಬೇಕಾದರೂ ನೋಟೀಸು ಕೊಟ್ಟು ಎಬ್ಬಿಸಬಲ್ಲ ದೊರೆ.

ಆ ನೋಟೀಸೇ ಕೊನೆಗೆ ತಿರುಗಿ ಬಿತ್ತು. ಗ್ರೇಟ್ ಬರ್ನೆರಾ ಎಂಬ ಪಕ್ಕದ ಪುಟ್ಟ ದ್ವೀಪಕ್ಕೆ ಈಗ ಸೇತುವೆಯಿದೆ, ಮೊದಲ ಸೇತುವೆ ಬಂದದ್ದೇ 1953ರಲ್ಲಿ. 1874ರ ಹೊತ್ತಿಗೆ ಅಲ್ಲಿನವರ ದನ ಮೇಯುವ ಜಾಗವನ್ನು ಬೇಟೆಯ ಜಿಂಕೆಗಳಿಗೆಂದು ಕಸಿದುಕೊಳ್ಳಲಾಗಿತ್ತು. ಆಗಿನ ಪಾರುಪತ್ತೇಗಾರ ಡೊನಾಲ್ಡ್ ಮನ್ರೊ. ಊರಿನ ಅಧಿಕಾರದ ಕುರ್ಚಿಗಳಲ್ಲೆಲ್ಲ ಅವನೇ ಕೂತಿದ್ದ, ಅವನ ಹೆಸರೆತ್ತಿದರೆ ಮಕ್ಕಳೂ ಬೆದರುತ್ತಿದ್ದರಂತೆ. ಬಾಯ್ಬಿಟ್ಟು ಗೊಣಗಿದ್ದಕ್ಕೆ ಊರಿಗೆ ಊರೇ ಜಾಗ ಖಾಲಿ ಮಾಡಬೇಕೆಂದು 58 ನೋಟೀಸು ಕಳಿಸಿದ. ತಂದವನ ಮೇಲೆ ಜನ ಹೆಂಟೆ ಎಸೆದರು, ಜಗ್ಗಾಟದಲ್ಲಿ ಅವನ ಕೋಟು ಹರಿಯಿತು. ನೂರಕ್ಕೂ ಹೆಚ್ಚು ಗಂಡಸರು ದ್ವೀಪವನ್ನು ಅಡ್ಡ ಹಾಯ್ದು ನಡೆದು ಕೋಟೆಯ ಮುಂದೆ ಹೋಗಿ ನಿಂತರು. ಎಪ್ಪತ್ತೇಳು ದಾಟಿದ ಮ್ಯಾಥೆಸನ್ ಅವರ ಜೊತೆ ಮಾತಾಡಿದ. ನೋಟೀಸಿನ ಸಂಗತಿ ತನಗೆ ಗೊತ್ತೇ ಇಲ್ಲವೆಂದ. ಸುಳ್ಳಲ್ಲ, ಇಂಥದ್ದನ್ನೆಲ್ಲ ಸರ್ ಜೇಮ್ಸ್ ಅವರನ್ನು ಕೇಳುವ ರೂಢಿ ತನಗಿಲ್ಲವೆಂದು ಮನ್ರೊನೇ ಆಮೇಲೆ ಕೋರ್ಟಿನಲ್ಲಿ ಒಪ್ಪಿಕೊಂಡ.

ಗೊತ್ತಿಲ್ಲದಿರುವುದಕ್ಕೂ ಒಂದು ಏರ್ಪಾಡು ಬೇಕು. ಕ್ಯಾಂಟನ್ನಿನಲ್ಲಿ ಅಫೀಮು ದಡಕ್ಕೆ ಒಯ್ಯುತ್ತಿದ್ದುದು ಬೇರೆಯವರ ದೋಣಿ, ಇಲ್ಲಿ ಮನೆ ಬಿಡಿಸುತ್ತಿದ್ದುದು ಬೇರೆಯವರ ಸಹಿ.

ಮೂವರ ಮೇಲೆ ಹಾಕಿದ ಮೊಕದ್ದಮೆ ಸ್ಟಾರ್ನೊವೇ ಕೋರ್ಟಿನಲ್ಲಿ ಬಿದ್ದುಹೋಯಿತು. ಮನ್ರೊನ ದರ್ಬಾರು ಮುಗಿಯಿತು. ಮ್ಯಾಥೆಸನ್ 1878ರ ಕೊನೆಯ ದಿನ ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಹೆಂಡತಿ ಲೇಡಿ ಮ್ಯಾಥೆಸನ್ ಕೋಟೆಯ ತೋಟದಲ್ಲಿ ಸ್ಮಾರಕ ಕಟ್ಟಿಸಿದಳು. 1884ರಲ್ಲಿ ಒಕ್ಕಲುಗಳಿಗೆ ಓಟು ಬಂತು. ಮರುವರ್ಷದ ಮೊದಲ ಚುನಾವಣೆಯಲ್ಲೇ ರಾಸ್ ಮತ್ತು ಕ್ರೊಮಾರ್ಟಿಯವರು ಲಿಬರಲ್ ಅಭ್ಯರ್ಥಿಯನ್ನು ಸೋಲಿಸಿ, ಒಕ್ಕಲುಗಳ ಪರ ನಿಂತ ಡಾಕ್ಟರ್ ರೊಡ್ರಿಕ್ ಮೆಕ್‌ಡೊನಾಲ್ಡನನ್ನು ಗೆಲ್ಲಿಸಿದರು. 1886ರ ಕಾಯಿದೆ ಬಾಡಿಗೆ ಕಟ್ಟುವವನನ್ನು ಎಬ್ಬಿಸಬಾರದೆಂದಿತು. 1918ರಲ್ಲಿ ದ್ವೀಪವನ್ನು ಸಾಬೂನಿನ ಸಾಹುಕಾರ ಲೀವರ್‌ಹ್ಯೂಮ್ ಕೊಂಡ. ಅವನ ಯೋಜನೆಗಳೂ ಮುರಿದುಬಿದ್ದು 1923ರಲ್ಲಿ ಸ್ಟಾರ್ನೊವೇ ಸುತ್ತಲಿನ ನೆಲವನ್ನು ಜನರಿಗೇ ಬಿಟ್ಟುಕೊಟ್ಟ. ಅಂದಿನಿಂದ ಜನರೇ ಆರಿಸಿದ ಟ್ರಸ್ಟಿಗಳು ಅದನ್ನು ನೋಡಿಕೊಳ್ಳುತ್ತಾರೆ.

ಕಾಲಿನ್ ಮೆಕೆಂಜಿಗೆ ಉಳಿದದ್ದು ಅರ್ಧ ಮಧ್ಯಾಹ್ನ. ಪಾಪ, ಅವನಿಗೆ ಬೇರೆಯೇ ಲೇಖನ ಬೇಕು. ಹೊರಡುವ ಮುನ್ನ ಊರಿನ ಚಹಾದಂಗಡಿಯಲ್ಲಿ ಕೂತಾಗ, ಹಾಲಿನ ಜಗ್ಗು ತಂದಿಟ್ಟ ಹೆಂಗಸನ್ನು ಮ್ಯಾಥೆಸನ್ ಬಗ್ಗೆ ಕೇಳಿದೆ. ‘ಹಿಟ್ಟು ಕೊಟ್ಟರು ಅಂತ ನಮ್ಮಜ್ಜಿ ಹೇಳೋರು, ಕೆನಡಾಕ್ಕೆ ಅಟ್ಟಿದರು ಅಂತ ನಮ್ಮಜ್ಜ’ ಅಂದಳು. ಹಾಗಾದರೆ ಈಗಿನ ಟ್ರಸ್ಟ್ ಹೇಗೆ ನಡೆಯುತ್ತಿದೆ ಎಂದೆ.

‘ಅಯ್ಯೋ ಅದನ್ನು ಕೇಳಬೇಡಿ’ ಅಂದಳು, ಎದುರಿನ ಕುರ್ಚಿ ಎಳೆದು ಕೂರುತ್ತಾ. ‘ನಾನು ಓಟು ಹಾಕಿದವನು ಸೋತ. ಗೆದ್ದವನು ನಮ್ಮ ಕಡೆಯ ಚರಂಡಿಯನ್ನೂ ನೋಡಿಲ್ಲ.’